ಗೆದ್ದವನ ಬಾಡಿಗೆ, ಸೋತವನ ಕೂಲಿ

ರಜೆಯಲ್ಲಿ ಮಕ್ಕಳು ದುಡ್ಡಿನ ಬಗ್ಗೆ ಏನು ಕಲಿತರು, ಬರೆದು ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಉಳಿತಾಯ ಖಾತೆ, ಪಾಕೆಟ್ ಮನಿ ಅಂತೆಲ್ಲ ಬರೆಯುತ್ತೀರಿ ಅಂದುಕೊಂಡಿದ್ದೆ. ಬಂದದ್ದರಲ್ಲಿ ಮುಕ್ಕಾಲು ಪಾಲು ಬಿಸಿನೆಸ್ ಆಟದ ಜಗಳ! ವರ್ಷಗಟ್ಟಲೆ ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿದವಳಿಗೆ ಇದಕ್ಕಿಂತ ಒಳ್ಳೆಯ ಟಪಾಲು ಬೇಕಾ? ಹಾಗಾಗಿ ಚಿನ್ನದ ಸಾಲ, ವಿಮೆ, ಎಫ್‌ಡಿ ಬಡ್ಡಿಯ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ.

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 15 ವರ್ಷ. ರಜೆಗೆ ನಮ್ಮಣ್ಣನ ಇಬ್ಬರು ಮಕ್ಕಳು ಬಂದಿದ್ದಾರೆ. ಪಕ್ಕದ ಮನೆ ಹುಡುಗನೂ ಸೇರಿ ಮಧ್ಯಾಹ್ನವಿಡೀ ಬಿಸಿನೆಸ್ ಆಡುತ್ತಾರೆ. ಇವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹೊಸ ನಿಯಮ ಬರೆದಿಟ್ಟಿದ್ದಾಳೆ. ದಿವಾಳಿಯಾದವರು ಆಟ ಬಿಡಬೇಕಿಲ್ಲ, ಸುತ್ತಿಗೆ ನೂರು ರೂಪಾಯಿ ಕೂಲಿ ತಗೊಂಡು ಮುಂದುವರಿಯಬಹುದು. ಬಾಡಿಗೆಯಲ್ಲಿ ಕಾಲು ಭಾಗ 'ಪಂಚಾಯ್ತಿ ಡಬ್ಬಿ'ಗೆ. ಡಬ್ಬಿಯಲ್ಲಿ ದುಡ್ಡು ಸೇರಿದ ಮೇಲೆ ರೈಲು, ಕರೆಂಟು, ನೀರಿನ ಮನೆಗಳನ್ನು ಪಂಚಾಯ್ತಿಯೇ ಕೊಂಡು ಎಲ್ಲರಿಗೂ ಬಿಟ್ಟಿ ಮಾಡಬೇಕು. ಅಣ್ಣನ ದೊಡ್ಡ ಮಗ ಚೆನ್ನಾಗಿ ಗೆಲ್ಲುತ್ತಿದ್ದ. ನಡುವೆ ಇದನ್ನೆಲ್ಲ ತಂದದ್ದಕ್ಕೆ ಸಿಟ್ಟು ಬಂದು ಹಲಗೆಯನ್ನೇ ಮಗುಚಿಹಾಕಿದ. 'ಆಟ ಆಡೋಕೆ ಕೂತಿದ್ದಾಳೋ, ವಿಧಾನಸಭೆ ನಡೆಸೋಕೋ' ಅಂತ ಅಣ್ಣ ರೇಗುತ್ತಾನೆ. ಇದನ್ನು ನಿಲ್ಲಿಸಲಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಲ್ಲಿಸಬೇಡಿ. ಆ ನೋಟ್‌ಬುಕ್ಕನ್ನು ರದ್ದಿಗೂ ಹಾಕಬೇಡಿ.

ಚೆನ್ನಾಗಿದ್ದ ಆಟವನ್ನು ನಿಮ್ಮ ಮಗಳು ಕೆಡಿಸಿದಳು ಅಂತ ನಿಮ್ಮಣ್ಣ ಅಂದುಕೊಂಡಿದ್ದಾರೆ. ನಡೆದದ್ದು ಉಲ್ಟಾ. ನಮ್ಮ ಬಿಸಿನೆಸ್ ಆಟದ ತಾಯಿ ಅಮೆರಿಕದ ಮೊನೊಪೊಲಿ. ಅದರ ತಾಯಿ ಇನ್ನೊಂದಿದೆ, 'ದಿ ಲ್ಯಾಂಡ್‌ಲಾರ್ಡ್ಸ್ ಗೇಮ್' ಅಂತ. ಮಾಡಿದ್ದು ಎಲಿಜಬೆತ್ ಮಗೀ ಅನ್ನುವ ಹೆಣ್ಣುಮಗಳು. ಶೀಘ್ರಲಿಪಿ ಬರೆದು ಹೊಟ್ಟೆ ಹೊರೆಯುತ್ತಿದ್ದಳು. 1903ರಲ್ಲಿ ಅರ್ಜಿ ಹಾಕಿ, 1904ರ ಜನವರಿಯಲ್ಲಿ ಪೇಟೆಂಟ್ ಪಡೆದಳು. ಗಟ್ಟಿಗಿತ್ತಿ ಬಿಡಿ. ಹೆಣ್ಣುಮಕ್ಕಳಿಗೆ ಕೊಡುವ ಸಂಬಳದಲ್ಲಿ ಬದುಕುವುದು ಹೇಗೆ ಅಂತ ತೋರಿಸಲು, 1906ರಲ್ಲಿ ತನ್ನನ್ನೇ ಮಾರಾಟಕ್ಕಿಟ್ಟ ಗುಲಾಮಳೆಂದು ಜಾಹೀರಾತು ಕೊಟ್ಟವಳು.

ಅವಳ ಆಟಕ್ಕೆ ಎರಡು ಥರದ ನಿಯಮ ಇದ್ದವು. ಒಂದು ನಿಮ್ಮಣ್ಣನಿಗೆ ಗೊತ್ತಿರುವುದು. ಜಾಗ ಹಿಡಿ, ಬಾಡಿಗೆ ವಸೂಲಿ ಮಾಡು, ಉಳಿದವರನ್ನು ಮುಳುಗಿಸು. ಇನ್ನೊಂದರಲ್ಲಿ ಜಾಗದ ಬಾಡಿಗೆ ಸಾರ್ವಜನಿಕ ಖಜಾನೆಗೆ ಹೋಗುತ್ತದೆ. ಆ ದುಡ್ಡಲ್ಲಿ ದೀಪದ ಕಂಪನಿಯನ್ನೂ ರೈಲನ್ನೂ ಕೊಂಡು ಎಲ್ಲರಿಗೂ ಬಿಟ್ಟಿ ಮಾಡುತ್ತಾರೆ. ನಿಮ್ಮ ಮಗಳ ಮೂರನೇ ನಿಯಮ ಅದೇ ಅಲ್ವಾ? ಮೊದಲನೆಯದಕ್ಕೂ ಅಲ್ಲಿ ಜೋಡಿ ಇದೆ. ಮಗೀ ಆಟದಲ್ಲಿ ದುಡ್ಡು ಮುಗಿದವನು ಎದ್ದು ಹೋಗುವುದಿಲ್ಲ. ಮೂಲೆಯಲ್ಲಿ 'ಬಡವರ ಮನೆ' ಅಂತ ಒಂದು ಚೌಕ. ಅಲ್ಲಿ ಕೂತು, ತಕ್ಕ ದಾಳ ಬಿದ್ದಾಗ ಸುತ್ತು ಮುಗಿಸಿ ಮತ್ತೆ ಕೂಲಿ ಪಡೆಯುತ್ತಾನೆ. ಇವತ್ತಿನ ಹಲಗೆಯಲ್ಲಿ 'ಸ್ಟಾರ್ಟ್' ಇರುವ ಕಡೆ ಅವಳು ಭೂಮಿತಾಯಿಯನ್ನು ಕೂರಿಸಿದ್ದಳು. ಭೂಮಿತಾಯಿಯ ಮೇಲೆ ದುಡಿದದ್ದಕ್ಕೆ ನೂರು ಡಾಲರ್ ಕೂಲಿ ಅಂತ ಲೆಕ್ಕ. ಜೈಲಿಗೆ ಕಳಿಸುವ ಮೂಲೆಯಂತೂ ನನಗೆ ಬಹಳ ಇಷ್ಟ. ಅದು ಲಂಡನ್ನಿನ ಒಬ್ಬ ಲಾರ್ಡ್ ಸಾಹೇಬನ ಖಾಲಿ ಜಮೀನು. 'ಪ್ರವೇಶವಿಲ್ಲ' ಅಂತ ಬೋರ್ಡು. ಗೊತ್ತಿಲ್ಲದೆ ಕಾಲಿಟ್ಟರೆ ನೇರ ಸೆರೆಮನೆ.

ಮಗೀ ತಲೆಯಲ್ಲಿ ಇದ್ದದ್ದು ಹೆನ್ರಿ ಜಾರ್ಜ್ ಎಂಬ ಅಮೆರಿಕದ ಚಿಂತಕನ ವಿಚಾರ. 1879ರಲ್ಲಿ ಅವನು ಬರೆದ ಪುಸ್ತಕ ಆ ಕಾಲಕ್ಕೆ ದೊಡ್ಡ ಗದ್ದಲ ಎಬ್ಬಿಸಿತು. ಅವನು ಹೇಳಿದ್ದು ಇಷ್ಟೇ. ಭೂಮಿಯನ್ನು ಯಾರೂ ತಯಾರಿಸಲಿಲ್ಲ. ಊರು ಬೆಳೆದಂತೆ ಅದರ ಬೆಲೆ ಏರುತ್ತದೆ. ಏರಿಸಿದವರು ಊರಿನವರೆಲ್ಲ. ಹಾಗಿದ್ದಮೇಲೆ ಆ ಲಾಭಕ್ಕೆ ತೆರಿಗೆ ಹಾಕಿ, ದುಡಿದವನ ಸಂಬಳವನ್ನು ಬಿಟ್ಟುಬಿಡಿ. ಬೆಂಗಳೂರಲ್ಲಿ ಮೆಟ್ರೊ ಸ್ಟೇಷನ್ ಬಂದ ಕೂಡಲೇ ಪಕ್ಕದ ಸೈಟಿನ ರೇಟು ಹಾರುತ್ತದಲ್ಲ, ಸೈಟಿನ ಯಜಮಾನರು ಅದಕ್ಕಾಗಿ ಒಂದು ಬುಟ್ಟಿ ಮಣ್ಣು ಹೊತ್ತಿರುವುದಿಲ್ಲ. ಜಾರ್ಜ್‌ಗೆ ಕಂಡದ್ದು ಅದು.

ಆಮೇಲೆ ಆಟ ಕೈಯಿಂದ ಕೈಗೆ ಹೋಯಿತು. ಡೆಲವೇರ್ ರಾಜ್ಯದ ಆರ್ಡೆನ್ ಅನ್ನುವ ಊರನ್ನು ಜಾರ್ಜ್ ಅಭಿಮಾನಿಗಳೇ ಕಟ್ಟಿದ್ದರು, ಅಲ್ಲಿ ಆಡಿದರು. ಕಾಲೇಜುಗಳಲ್ಲಿ ಆಡಿದರು. ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ತಮ್ಮ ಊರಿನ ಬೀದಿ ಹೆಸರುಗಳನ್ನೇ ಚೌಕಗಳಿಗೆ ಇಟ್ಟರು. ಆ ಹಲಗೆಯನ್ನು ಚಾರ್ಲ್ಸ್ ಡ್ಯಾರೋ ಅನ್ನುವವನು ತನ್ನದೆಂದು ಮಾಡಿಕೊಂಡು ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿದ. 1935ರಲ್ಲಿ ಮೊನೊಪೊಲಿ ಪೇಟೆಗೆ ಬಂತು. ಕಾಪಿ ಹೊಡೆದವನು ಸ್ಪೆಲಿಂಗ್ ತಪ್ಪಿನಲ್ಲಿ ಸಿಕ್ಕಿಬೀಳುತ್ತಾನೆ ಅಂತ ನಾವು ಮೇಷ್ಟ್ರುಗಳು ಹೇಳುವುದು ಸುಮ್ನೆ ಅಲ್ಲ. 'ಮಾರ್ವೆನ್ ಗಾರ್ಡನ್ಸ್' ಅನ್ನುವ ಬಡಾವಣೆಯನ್ನು ಅವನಿಗೆ ಆಟ ಕಲಿಸಿದವರು 'ಮಾರ್ವಿನ್' ಅಂತ ಬರೆದಿದ್ದರು. ಡ್ಯಾರೋ ಆ ತಪ್ಪನ್ನೂ ಹಾಗೇ ಇಳಿಸಿಕೊಂಡ. ಡ್ಯಾರೋಗೆ ಲಕ್ಷಗಟ್ಟಲೆ ಡಾಲರ್. ಮಗೀ ಹತ್ತಿರ ಪೇಟೆಂಟನ್ನು ಕಂಪನಿ 500 ಡಾಲರಿಗೆ ಕೊಂಡಿತು. ಎರಡು ನಿಯಮಗಳಲ್ಲಿ ಲೋಕದಲ್ಲಿ ಉಳಿದದ್ದು ಮುಳುಗಿಸುವ ನಿಯಮ ಮಾತ್ರ. ಅವಳ ಹೆಸರು ಮತ್ತೆ ಬೆಳಕಿಗೆ ಬಂದದ್ದು 1970ರ ದಶಕದಲ್ಲಿ. ರಾಲ್ಫ್ ಆನ್‌ಸ್ಪಾಕ್ ಅನ್ನುವ ಅರ್ಥಶಾಸ್ತ್ರದ ಮೇಷ್ಟ್ರು 'ಆಂಟಿ-ಮೊನೊಪೊಲಿ' ಅಂತ ಬೇರೆ ಆಟ ಮಾಡಿ, ಅದರ ಮೇಲಿನ ಕೇಸು ನಡೆಸುವಾಗ ಹಳೇ ಕಾಗದ ಕೆದಕಿದರು.

ಇನ್ನು ನಿಮ್ಮ ಅಳಿಯನ ವಿಷಯ. ಅವನ ಸಿಟ್ಟಿನಲ್ಲಿ ನ್ಯಾಯ ಇದೆ. ಒಂದು ನಿಯಮ ನಂಬಿ ಜಾಗ ಕೊಂಡವನಿಗೆ ನಡುವೆ ಇನ್ನೊಂದು ನಿಯಮ ಹೇಳಬಾರದು. ಹೊಸ ನಿಯಮ ಮುಂದಿನ ಆಟದಿಂದ ಅಂತ ಮಾಡಿ. ಮತ್ತೆ, ಪೆನ್ನು ಮಗಳ ಕೈಯಲ್ಲೇ ಇರುವುದು ಬೇಡ. ಒಂದು ನಿಯಮ ಅವನೂ ಬರೆಯಲಿ. ಹಲಗೆ ಮಗುಚಿದ್ದಕ್ಕೆ ಆ ನೋಟು, ಮನೆಗಳನ್ನೆಲ್ಲ ಅವನೇ ಹೆಕ್ಕಬೇಕು, ಅದರಲ್ಲಿ ಮಾತಿಲ್ಲ.

ಪ್ರಶ್ನೆ: ಆಂಟಿ, ನಾನು ಫಸ್ಟ್ ಪಿಯುಸಿ. ಯಾರೂ ದಿವಾಳಿ ಆಗಬಾರದು ಅಂತ ನಾವು ಒಂದು ನಿಯಮ ಮಾಡಿದೆವು. ಸ್ಟಾರ್ಟ್ ದಾಟಿದಾಗ 200ರ ಬದಲು 500. ಆಟ ಮುಗಿಯಲೇ ಇಲ್ಲ. ಊಟ ಮಾಡಿ ಬಂದು ಮತ್ತೆ ಆಡಿದರೂ ಮುಗಿಯಲಿಲ್ಲ. ಕೊನೆಗೆ ಗೆದ್ದದ್ದು ಯಾವಾಗಲೂ ಗೆಲ್ಲುವ ನಮ್ಮಣ್ಣನೇ. ಸಮಾನತೆ ಅಂದರೆ ಬೋರ್ ಅಂತ ಅವನು ಹೇಳುತ್ತಾನೆ. ಹೌದಾ?
— ಒಬ್ಬ ಹುಡುಗ, ಶಿರಸಿ

ಉತ್ತರ: ಮರಿ, ನೀವು ಸಮಾನತೆ ಆಡಲೇ ಇಲ್ಲ. ಸಂಬಳ ಏರಿಸಿ ಆಡಿದಿರಿ. ಎರಡೂ ಬೇರೆ.

ನಿಮ್ಮ ಡಬ್ಬದಲ್ಲಿ ಯಾವ ಊರು, ಎಷ್ಟು ರೇಟು ಇದೆಯೋ. ನಾನು ಮೊನೊಪೊಲಿಯ ಹಳೇ ಡಾಲರ್ ಲೆಕ್ಕದಲ್ಲಿ ಹೇಳುತ್ತೇನೆ, ನೀನು ನಿನ್ನ ಕಾರ್ಡು ನೋಡಿ ಹೊಂದಿಸಿಕೋ. ಎಲ್ಲರಿಗೂ ಶುರುವಿಗೆ 1500. ಸುತ್ತಿಗೆ 200. ಕಿತ್ತಳೆ ಬಣ್ಣದ ನ್ಯೂಯಾರ್ಕ್ ಅವೆನ್ಯೂ ಮೇಲೆ ಹೋಟೆಲ್ ಇದ್ದರೆ ಬಾಡಿಗೆ 1000. ಅಂದರೆ ನೀನು ಒಂದು ಸಲ ಅಲ್ಲಿ ಕಾಲಿಟ್ಟರೆ ಐದು ಸುತ್ತಿನ ಸಂಬಳ ಹೋಯಿತು. ಸಂಬಳ 500 ಮಾಡಿದರೆ ಎರಡು ಸುತ್ತಿನದು ಹೋಗುತ್ತದೆ. ಹೋಗುವ ಜೇಬು ಅದೇ. ನೀವು ಬ್ಯಾಂಕಿನಿಂದ ತೆಗೆದು ಎಲ್ಲರಿಗೂ ಹಂಚಿದ ದುಡ್ಡು ಒಂದೆರಡು ಸುತ್ತು ನಿಮ್ಮ ಕೈಯಲ್ಲಿ ಓಡಾಡಿ, ಕೊನೆಗೆ ನಿಮ್ಮಣ್ಣನ ಮುಂದೆ ಗುಡ್ಡೆ ಬಿದ್ದಿದೆ. ಸೋಲುವುದು ನಿಧಾನವಾಯಿತು, ಅಷ್ಟೇ. ಅದಕ್ಕೇ ಬೋರ್.

ನಿಮ್ಮಣ್ಣ ಸದಾ ಗೆಲ್ಲುವ ಗುಟ್ಟೂ ಹೇಳಿಬಿಡಲಾ? ಅವನು ಹಿಡಿಯುವುದು ಕಿತ್ತಳೆ ಬಣ್ಣದ್ದೇ ಇರಬೇಕು, ನೋಡು. ಜೈಲು ಇರುವುದು ಹತ್ತನೇ ಮನೆಯಲ್ಲಿ. ಕಿತ್ತಳೆ ಮೂರೂ ಅಲ್ಲಿಂದ 6, 8, 9 ಮನೆ ದೂರ. ಎರಡು ದಾಳಕ್ಕೆ ಒಟ್ಟು 36 ಥರ ಬೀಳುವ ಸಾಧ್ಯತೆ. ಅದರಲ್ಲಿ 14 ಈ ಮೂರರಲ್ಲಿ ಒಂದರ ಮೇಲೆ ತಂದು ನಿಲ್ಲಿಸುತ್ತವೆ. ಜೈಲಿಗೆ ಎಲ್ಲರೂ ಹೋಗುತ್ತಾರೆ, ಅಲ್ಲಿಂದ ಎಲ್ಲರೂ ಹೊರಗೆ ಬರುತ್ತಾರೆ. ಇನ್ನೊಂದು ಕಿತಾಪತಿ ಇದೆ. ಡಬ್ಬದಲ್ಲಿ ಹಸಿರು ಮನೆ ಇರುವುದು 32 ಮಾತ್ರ. ನಾಲ್ಕು ನಾಲ್ಕು ಮನೆ ಕಟ್ಟಿ, ಹೋಟೆಲ್ ಮಾಡದೆ ಹಾಗೇ ಹಿಡಿದು ಕೂತರೆ ಬೇರೆಯವರಿಗೆ ಕಟ್ಟಲು ಮನೆಯೇ ಸಿಗುವುದಿಲ್ಲ. ನಿಯಮದ ಪ್ರಕಾರ ಇದು ತಪ್ಪಲ್ಲ.

ಈಗ ಒಂದು ಕೆಲಸ ಮಾಡಿ. ಸಂಬಳ ಮತ್ತೆ 200ಕ್ಕೇ ಇಳಿಸಿ. ಬಾಡಿಗೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಬದಲಾಯಿಸಿ. ಜಾಗ ಕೊಂಡು ಸುಮ್ನೆ ಬಿಟ್ಟವನ ಬಾಡಿಗೆ ಪೂರ್ತಿ ಖಜಾನೆಗೆ. ಮನೆ ಕಟ್ಟಿದವನಿಗೆ ಕಟ್ಟಿದ್ದರ ಫಲ ಸಿಗಲಿ, ಅವನು ಖರ್ಚು ಮಾಡಿದ್ದಾನೆ. ಆದರೆ ಎಷ್ಟು ಸಿಗಬೇಕು? ಇಲ್ಲಿ ನಿಮಗೆ ತಲೆ ಕೆಡುತ್ತದೆ, ಕೆಡಲಿ. ಹಲಗೆಯ ಮೊದಲ ಜಾಗದಲ್ಲಿ ಹೋಟೆಲ್ ಎಬ್ಬಿಸಲು ಒಟ್ಟು 250 ಖರ್ಚು, ಬಾಡಿಗೆ 250. ಕೊನೆಯ ಜಾಗದಲ್ಲಿ 1000 ಖರ್ಚು, ಬಾಡಿಗೆ 2000. ಹೋಟೆಲ್ ನೋಡಿದರೆ ಎರಡೂ ಕಡೆ ಅದೇ ಕೆಂಪು ಪ್ಲಾಸ್ಟಿಕ್ ತುಂಡು. ಖರ್ಚು ನಾಲ್ಕು ಪಟ್ಟು, ಬಾಡಿಗೆ ಎಂಟು ಪಟ್ಟು. ಆ ಹೆಚ್ಚಿನದು ಕಟ್ಟಿದ್ದಕ್ಕೆ ಬಂತೋ, ಜಾಗಕ್ಕೆ ಬಂತೋ? ಜಾಗದ್ದು ಅನಿಸಿದರೆ ಅಷ್ಟು ಖಜಾನೆಗೆ ಹೋಗಬೇಕು. ಎಷ್ಟೆಂದು ನೀವೇ ಕೂತು ತೀರ್ಮಾನಿಸಿ. ನಿಮ್ಮಣ್ಣನ ಜೊತೆ ಈ ವಾದ ಮಾಡುವಾಗ ಅವನಿಗೆ ಬೋರ್ ಆಗುತ್ತಾ ನೋಡು.

ಮುಗಿಯದ ಆಟಕ್ಕೆ ಮಗೀ ಕಡೆಯವರ ಉಪಾಯ ಇದೆ. ಎಲ್ಲರಿಗಿಂತ ಕಡಿಮೆ ದುಡ್ಡು ಇರುವವನ ದುಡ್ಡೂ ಶುರುವಿನಲ್ಲಿ ಇದ್ದದ್ದರ ಎರಡರಷ್ಟು ಆದ ಕ್ಷಣ ಆಟ ಮುಗಿಯಿತು, ಎಲ್ಲರೂ ಗೆದ್ದಂತೆ. ಹಾಗೆ ಆಡಿ ನೋಡಿ. ಎಲ್ಲರ ಕಣ್ಣೂ ಕಡೆಯವನ ನೋಟಿನ ಮೇಲೇ ಇರುತ್ತದೆ. ಒಂದೇ ಷರತ್ತು, ಒಂದು ಆಟಕ್ಕೆ ಒಂದೇ ನಿಯಮ ಬದಲಾಯಿಸಿ. ನಾಲ್ಕು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಬ್ರಹ್ಮನಿಗೂ ತಿಳಿಯುವುದಿಲ್ಲ. ನಮ್ಮ ಸರ್ಕಾರಗಳ ಕಷ್ಟವೂ ಅದೇ ಅನ್ನಿ.

ಪ್ರಶ್ನೆ: ನನಗೆ 14 ವರ್ಷ. ಆಟಿ ತಿಂಗಳಲ್ಲಿ ಅಜ್ಜಿ ಅಟ್ಟದಿಂದ ಚೆನ್ನೆಮಣೆ ಇಳಿಸುತ್ತಾರೆ. ಮೊದಲ ಆಟದಲ್ಲಿ ಇಬ್ಬರಿಗೂ ಏಳೇಳು ಗುಳಿ, ಗುಳಿಗೆ ನಾಲ್ಕು ಕಾಯಿ. ಸೋತವರು ಎರಡನೇ ಆಟಕ್ಕೆ ತಮ್ಮ ಹತ್ತಿರ ಇರುವ ಕಾಯಿಯಲ್ಲೇ ಗುಳಿ ತುಂಬಬೇಕು. ಕಾಯಿ ಸಾಲದಿದ್ದರೆ ಗುಳಿ ಖಾಲಿ ಬಿಡಬೇಕು. ಗುಳಿ ಕಡಿಮೆಯಾದ ಮೇಲೆ ನಾನು ಇನ್ನೂ ಬೇಗ ಸೋಲುತ್ತೇನೆ. ನಿಯಮ ಬದಲಾಯಿಸೋಣ ಅಂದರೆ ಹಿಂದಿನವರು ಮಾಡಿದ್ದು, ಮುಟ್ಟಬಾರದು ಅಂತಾರೆ ಅಜ್ಜಿ.
— ಒಬ್ಬಳು ಹುಡುಗಿ, ಪುತ್ತೂರು

ಉತ್ತರ: ಅಮೆರಿಕದವರು ಡಬ್ಬ ತುಂಬ ನೋಟು, ಕಾರ್ಡು ಇಟ್ಟು ಹೇಳಿದ್ದನ್ನು ನಿಮ್ಮ ಅಜ್ಜಿ 56 ಕಾಯಿಯಲ್ಲಿ ತೋರಿಸಿದ್ದಾರೆ, ಪುಟ್ಟಿ. ಎರಡನೇ ಆಟ ಶುರುವಾಗುವಾಗ ನೀನು ಅಜ್ಜಿಗಿಂತ ಕಡಿಮೆ ಜಾಣೆ ಆಗಿರುವುದಿಲ್ಲ. ನಿನ್ನ ಹೊಲ ಚಿಕ್ಕದಾಗಿರುತ್ತದೆ.

ಅಜ್ಜಿಯ ಮಾತು ಮೀರಬೇಡ, ಹಾಗಂತ ಸುಮ್ಮನೂ ಇರಬೇಡ. ಚೆನ್ನೆಮಣೆಯನ್ನು ಒಂದೊಂದು ಸೀಮೆಯಲ್ಲಿ ಒಂದೊಂದು ಥರ ಆಡುತ್ತಾರೆ. ನಮ್ಮ ಕಡೆ ಅದೇ ಅಳಗುಳಿ ಮಣೆ, ಹುಣಸೆ ಬೀಜ ಹಾಕುತ್ತೇವೆ, ಗುಳಿಗೆ ಐದು ಹಾಕುವವರೂ ಇದ್ದಾರೆ. ಅಂದರೆ ಹಿಂದಿನವರೂ ನಿಯಮ ಮುಟ್ಟಿದ್ದಾರೆ. 'ಅಜ್ಜಿ, ನಿಮ್ಮ ತವರಲ್ಲಿ ಹೇಗೆ ಆಡುತ್ತಿದ್ದಿರಿ, ಇಲ್ಲಿಗೆ ಬಂದ ಮೇಲೆ ಹೇಗೆ' ಅಂತ ಕೇಳು. ವ್ಯತ್ಯಾಸ ಅವರೇ ಹೇಳುತ್ತಾರೆ. ಆಮೇಲೆ ಎರಡು ಪ್ರಯೋಗ ಮಾಡು. ಒಂದರಲ್ಲಿ ಕಡಿಮೆ ಗುಳಿಯವರೇ ಮೊದಲು ಎತ್ತುವುದು. ಇನ್ನೊಂದರಲ್ಲಿ ಅಜ್ಜಿಯ ಹತ್ತಿರ ಕಾಯಿ ಸಾಲ ತಂದು ಗುಳಿ ತುಂಬಿ, ಗೆದ್ದಾಗ ತೀರಿಸುವುದು. ಬಡ್ಡಿ ಎಷ್ಟು ಅಂತ ಮೊದಲೇ ಮಾತಾಡಿಕೋ! ಹತ್ತು ಕಾಯಿಗೆ ಒಂದು ಬಡ್ಡಿ ಅಂದರೆ ಒಂದು ಥರ, ಹತ್ತಕ್ಕೆ ಐದು ಅಂದರೆ ಇನ್ನೊಂದು ಥರ. ಯಾವುದರಲ್ಲಿ ನಿನ್ನ ಏಳೂ ಗುಳಿ ವಾಪಸ್ ಬಂತು ಅಂತ ನನಗೆ ಬರೆದು ತಿಳಿಸು.

ಪ್ರಶ್ನೆ: ಮಾನ್ಯರೇ, ನನಗೀಗ 78. ಮೊಮ್ಮಕ್ಕಳು ಗೆದ್ದವನಿಂದ ಕಿತ್ತು ಸೋತವನಿಗೆ ಕೊಡುವ ಆಟ ಆಡುತ್ತಿದ್ದಾರೆ. ದಾಳಕ್ಕೆ ಯಾರ ಮೇಲೂ ಪಕ್ಷಪಾತ ಇಲ್ಲ. ಬುದ್ಧಿ ಓಡಿಸಿದವನು ಗೆಲ್ಲುತ್ತಾನೆ. ನಮ್ಮ ಮನೆಯ ಜಮೀನು 1974ರಲ್ಲಿ ಗೇಣಿದಾರರಿಗೆ ಹೋಯಿತು. ಈ ವಯಸ್ಸಲ್ಲಿ ಚಾವಡಿಯಲ್ಲಿ ಕೂತು ಅದನ್ನೇ ಆಟವಾಗಿ ನೋಡುವ ಯೋಗ ನನ್ನದು. ಇಂಥದ್ದನ್ನು ನೀವು ಪ್ರೋತ್ಸಾಹಿಸುತ್ತೀರಾ?
— ಹಿರಿಯ ಓದುಗರು, ಸಾಗರ

ಉತ್ತರ: ನಮಸ್ಕಾರ ಸರ್. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೌದು, ಪ್ರೋತ್ಸಾಹಿಸುತ್ತೇನೆ. ಯಾಕೆ ಅಂತ ಹೇಳುತ್ತೇನೆ, ಒಪ್ಪಲೇಬೇಕೆಂದಿಲ್ಲ.

ದಾಳಕ್ಕೆ ಪಕ್ಷಪಾತ ಇಲ್ಲ, ಸರಿ. ಆದರೆ ಮೊದಲ ಒಂದೆರಡು ಸುತ್ತಿನಲ್ಲಿ ಬಿದ್ದ ದಾಳ ಅಲ್ಲಿಗೇ ಮುಗಿಯುವುದಿಲ್ಲ. ಕಾರ್ಡಾಗಿ ಕೈಯಲ್ಲಿ ಉಳಿದು, ಆಮೇಲಿನ ಪ್ರತಿ ದಾಳಕ್ಕೂ ಬಾಡಿಗೆ ಎತ್ತುತ್ತದೆ. ತಡವಾಗಿ ಬಂದು ಕೂತ ಹುಡುಗ ಎಷ್ಟು ಬುದ್ಧಿ ಓಡಿಸಿದರೂ ಕೊಳ್ಳಲು ಜಾಗ ಇರಬೇಕಲ್ಲ? ನಿಮ್ಮ ಮೊಮ್ಮಕ್ಕಳಲ್ಲಿ ಒಬ್ಬನನ್ನು ಐದು ಸುತ್ತು ಆದ ಮೇಲೆ 1500 ಕೊಟ್ಟು ಸೇರಿಸಿ. ನೀವೇ ಪಕ್ಕದಲ್ಲಿ ಕೂತು ಬುದ್ಧಿ ಹೇಳಿಕೊಡಿ. ಎಷ್ಟು ಹೊತ್ತು ಉಳಿಯುತ್ತಾನೆ ನೋಡೋಣ.

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಾಲ್ ಪಿಫ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನೇ ಮಾಡಿ ನೋಡಿದರು. ಇಬ್ಬಿಬ್ಬರನ್ನು ಆಟಕ್ಕೆ ಕೂರಿಸಿ ನಾಣ್ಯ ಚಿಮ್ಮಿಸಿದರು. ಗೆದ್ದವನಿಗೆ ಎರಡರಷ್ಟು ದುಡ್ಡು, ಎರಡರಷ್ಟು ಸಂಬಳ, ಎರಡು ದಾಳ. ಇನ್ನೊಬ್ಬನಿಗೆ ಒಂದೇ ದಾಳ. ಸ್ವಲ್ಪ ಹೊತ್ತಿಗೆ ಸಿರಿವಂತ ಆಟಗಾರ ಕಾಯಿಯನ್ನು ಟಪಟಪ ಕುಟ್ಟಿ ನಡೆಸತೊಡಗಿದ. ಪಕ್ಕದಲ್ಲಿಟ್ಟ ತಿಂಡಿಯನ್ನೂ ಜಾಸ್ತಿ ತಿಂದ. ಕೊನೆಗೆ ಹೇಗೆ ಗೆದ್ದೆ ಅಂತ ಕೇಳಿದರೆ, ತಾನು ಯಾವ ಜಾಗವನ್ನು ಯಾವಾಗ ಕೊಂಡೆ ಅಂತ ವಿವರಿಸಿದ. ನಾಣ್ಯದ ಮಾತೇ ಇಲ್ಲ. ಈ ಪ್ರಯೋಗದ ಬಗ್ಗೆ ಪಿಫ್ 2013ರಲ್ಲಿ ಮಾಡಿದ ಭಾಷಣವನ್ನು ಬಹಳ ಜನ ಕೇಳಿದ್ದಾರೆ.

ನಿಮ್ಮ ತಾಲ್ಲೂಕಿನ ಕತೆಯನ್ನು ನಿಮಗೇ ಹೇಳಲು ನನಗೆ ಸಂಕೋಚ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಜಗಳದ ಮೂಲ ಯಾವುದು? ಗೇಣಿ ಭತ್ತ ಅಳೆಯುವ ಕೊಳಗ. ಒಡೆಯರ ಕೊಳಗ ದೊಡ್ಡದು ಅನ್ನುವುದು ಗೇಣಿದಾರರ ದೂರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆ ಯಾರ ಕೈಯಲ್ಲಿದೆ ಅನ್ನುವುದೇ ಅಲ್ಲಿ ಪ್ರಶ್ನೆ. ಮುಂದೆ ದೇವರಾಜ ಅರಸು ಸರ್ಕಾರ ತಿದ್ದಿದ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಉಳುವವನೇ ಹೊಲದೊಡೆಯ ಆದ.

ಆದರೆ ನಿಮ್ಮ ನೋವನ್ನು ನಾನು ತಳ್ಳಿಹಾಕುವುದಿಲ್ಲ. ಗೇಣಿಗೆ ಕೊಟ್ಟವರೆಲ್ಲ ದೊಡ್ಡ ಜಮೀನುದಾರರಾಗಿರಲಿಲ್ಲ. ಎರಡೆಕರೆಯ ಗೇಣಿ ಭತ್ತದಲ್ಲಿ ಒಲೆ ಹಚ್ಚುತ್ತಿದ್ದ ವಿಧವೆಯರೂ ಇದ್ದರು. ಅವರದ್ದೂ ಹೋಯಿತು. ಪರಿಹಾರ ಅಂತ ಬಂದದ್ದು ಯಾವ ಮೂಲೆಗೂ ಸಾಲಲಿಲ್ಲ ಅಂತ ಕರಾವಳಿ, ಮಲೆನಾಡಿನ ಹಲವು ಮನೆಗಳಲ್ಲಿ ಕೇಳಿದ್ದೇನೆ. ಇದನ್ನು ನಿಮ್ಮ ಮೊಮ್ಮಕ್ಕಳಿಗೆ ಹೇಳಿ ಸರ್. ಅವರ ನಿಯಮದಲ್ಲಿ ಒಂದೇ ಒಂದು ಅಗ್ಗದ ಜಾಗ ಇರುವವನನ್ನೂ ಇಡೀ ಸಾಲು ಹಿಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದಾರಾ ಅಂತ ಕೇಳಿ. ಅದನ್ನು ಕೇಳಲು ಆ ಮನೆಯಲ್ಲಿ ನಿಮಗಿಂತ ತಕ್ಕವರು ಯಾರಿದ್ದಾರೆ?

ಒಂದು ಉಪಾಯ ಇದೆ. ಜಾನ್ ರಾಲ್ಸ್ ಎಂಬ ಅಮೆರಿಕದ ಚಿಂತಕರು 1971ರಲ್ಲಿ ಬರೆದದ್ದು. ಸಮಾಜದಲ್ಲಿ ನಾವು ಯಾರಾಗಿರುತ್ತೇವೆ ಅಂತ ಗೊತ್ತಿಲ್ಲದೆ ನಿಯಮ ಬರೆಯಬೇಕು ಅನ್ನುತ್ತಾರೆ ಅವರು. ಮಕ್ಕಳಿಗೆ ಹೀಗೆ ಮಾಡಿಸಿ. ನಾಲ್ಕು ಚೀಟಿ. ಒಂದರಲ್ಲಿ ಮೂರು ಜಾಗ, 3000. ಎರಡರಲ್ಲಿ 1500. ಇನ್ನೊಂದರಲ್ಲಿ 300, ಜೊತೆಗೆ ಸಾಲ. ಮೊದಲು ನಿಯಮ ಬರೆದು ನಾಲ್ವರೂ ಸಹಿ ಹಾಕಬೇಕು, ಆಮೇಲೆ ಚೀಟಿ ಎತ್ತಬೇಕು. ಕಿತ್ತುಕೊಳ್ಳುವ ನಿಯಮ ಬರೆಯುವಾಗಲೂ ಕೈ ತಡೆಯುತ್ತದೆ, ಬಿಟ್ಟುಬಿಡುವ ನಿಯಮ ಬರೆಯುವಾಗಲೂ ತಡೆಯುತ್ತದೆ. ನೀವೂ ಒಂದು ಚೀಟಿ ಎತ್ತಿ ಆಡಿ ಸರ್, ಬೇಡ ಅನ್ನಬೇಡಿ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕ. ಒಂಬತ್ತನೇ ತರಗತಿಗೆ ಬಿಸಿನೆಸ್ ಆಟ ಆಡಿಸಿ ಪಾಠ ಮಾಡುವ ಆಸೆ. 48 ಮಕ್ಕಳು, 40 ನಿಮಿಷದ ಪೀರಿಯಡ್, ಒಂದೇ ಹಲಗೆ. ಹೇಗೆ?
— ಶಿಕ್ಷಕರು, ಚಿಂತಾಮಣಿ

ಉತ್ತರ: ಹಲಗೆ ಕೊಳ್ಳಬೇಡಿ ಮೇಷ್ಟ್ರೇ, ಮಕ್ಕಳೇ ಬರೆಯಲಿ. ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಪೂರಾ 40 ಚೌಕ ಬೇಡ, 16 ಹಾಕಿ. ನಿಮ್ಮ ಊರಿನದೇ ಹೆಸರು ಕೊಡಿ. ಬಸ್ ಸ್ಟ್ಯಾಂಡ್, ಟೊಮೆಟೊ ಮಂಡಿ, ಕೆರೆ ಏರಿ, ರೇಷ್ಮೆ ಗೂಡಿನ ಮಾರುಕಟ್ಟೆ. ಯಾವ ಜಾಗಕ್ಕೆ ಎಷ್ಟು ಬೆಲೆ ಅಂತ ಮಕ್ಕಳನ್ನೇ ಕೇಳಿ, ಯಾಕೆ ಅಂತಲೂ ಕೇಳಿ. ಅರ್ಧ ಪಾಠ ಅಲ್ಲೇ ಆಗಿಹೋಗುತ್ತದೆ. ಆರು ಮಕ್ಕಳ ಗುಂಪು ಮಾಡಿದರೆ ಎಂಟು ಗುಂಪು. ನಾಲ್ವರು ಆಡಲಿ, ಒಬ್ಬರು ಬ್ಯಾಂಕು, ಒಬ್ಬರು ಪ್ರತಿ ಸುತ್ತಿಗೂ ಯಾರ ಹತ್ತಿರ ಎಷ್ಟಿದೆ ಅಂತ ಬರೆಯುವವರು. ಬರೆಯುವವರು ಮುಖ್ಯ. ಅವರ ಹಾಳೆಯನ್ನು ಬೋರ್ಡಿನ ಮೇಲೆ ಗೆರೆಯಾಗಿ ಎಳೆದಾಗಲೇ ಮಕ್ಕಳಿಗೆ ಕಾಣುವುದು, ಯಾರ ಗೆರೆ ಯಾವ ಸುತ್ತಿನಲ್ಲಿ ಮೇಲೆದ್ದಿತು ಅಂತ. ಮೊದಲ ಪೀರಿಯಡ್ ಮಾಮೂಲಿ ನಿಯಮ. ಎರಡನೆಯದರಲ್ಲಿ ಪ್ರತಿ ಗುಂಪೂ ತನ್ನದೊಂದು ನಿಯಮ ತರಲಿ. ಇಪ್ಪತ್ತೈದು ನಿಮಿಷಕ್ಕೆ ಆಟ ನಿಲ್ಲಿಸಿ, ಮುಗಿಯದಿದ್ದರೂ ಸರಿ. ಉಳಿದ ಹೊತ್ತು ಅವರು ಮಾತಾಡಲಿ. ನೀವು ಕೈಕಟ್ಟಿ ಹಿಂದಿನ ಬೆಂಚಿನಲ್ಲಿ ಕೂರಿ, ಕಷ್ಟ ಅಂತ ನನಗೆ ಗೊತ್ತು.

ಒಂದು ಎಚ್ಚರ. ಮೇಲೆ ಸಾಗರದವರಿಗೆ ಹೇಳಿದ ಚೀಟಿ ಆಟ ಆಡಿಸಿದರೆ, ಯಾರು ಬಡವನ ಪಾತ್ರ ಆಡಬೇಕು ಅಂತ ನೀವು ಆರಿಸಲೇಬೇಡಿ, ಚೀಟಿಯೇ ಹೇಳಲಿ. ಮನೆಯಲ್ಲಿ ಬಾಡಿಗೆ ಕಟ್ಟಲಾಗದೆ ಊರೂರು ಬದಲಿಸಿದ ಮಗು ನಿಮ್ಮ ಕ್ಲಾಸಿನಲ್ಲೂ ಇರುತ್ತದೆ. ಅದರ ಚೀಟಿಯಲ್ಲಿ 300 ಬಂದರೆ ಅದೊಂದು ಆಟ. ನೀವಾಗಿ ಕೊಟ್ಟರೆ ಅದು ಬೇರೆಯೇ. 'ನಿಮ್ಮ ಮನೆಯಲ್ಲಿ ಹೇಗೆ' ಅನ್ನುವ ಪ್ರಶ್ನೆಯೂ ಬೇಡ. ಹೇಳಬೇಕು ಅನಿಸಿದವರು ತಾವಾಗಿ ಹೇಳುತ್ತಾರೆ.

ಪ್ರಶ್ನೆ: ನಮ್ಮ ಆಟದಲ್ಲಿ ಬ್ಯಾಂಕ್ ಆಗುವವನೇ ಕದಿಯುತ್ತಾನೆ. ನಿಯಮ ಎಷ್ಟು ಚೆನ್ನಾಗಿ ಬರೆದರೂ ಏನೂ ಪ್ರಯೋಜನ ಇಲ್ಲ. ಏನು ಮಾಡಲಿ?
— 13 ವರ್ಷದವ, ಹಾಸನ

ಉತ್ತರ: ಬ್ಯಾಂಕಿನವನು ಆಟ ಆಡಬಾರದು. ಆಡಲೇಬೇಕು ಅಂದರೆ ಅವನ ಸ್ವಂತ ನೋಟು ಬ್ಯಾಂಕ್ ಟ್ರೇಯಿಂದ ಒಂದು ಮೊಳ ದೂರ, ಎಲ್ಲರಿಗೂ ಕಾಣುವ ಹಾಗೆ ಇರಬೇಕು. ನೋಟು ಕೊಡುವವನು ಒಬ್ಬ, ಪುಸ್ತಕದಲ್ಲಿ ಬರೆಯುವವನು ಇನ್ನೊಬ್ಬ. ಇಬ್ಬರೂ ಖಾಸಾ ದೋಸ್ತುಗಳಾಗಿರಬಾರದು. ಮೂರು ಸುತ್ತಿಗೊಮ್ಮೆ ಕೆಲಸ ಬದಲಿ. ಆಟಕ್ಕೆ ಮುಂಚೆ ಡಬ್ಬದ ನೋಟೆಲ್ಲ ಎಣಿಸಿ ಬರೆದಿಡಿ. ಕೊನೆಯಲ್ಲಿ ಟ್ರೇಯಲ್ಲಿ ಉಳಿದದ್ದು, ಎಲ್ಲರ ಕೈಯಲ್ಲಿ ಇರುವುದು, ಪಂಚಾಯ್ತಿ ಡಬ್ಬಿ ಇದ್ದರೆ ಅದರಲ್ಲಿ ಇರುವುದು ಸೇರಿ ಅಷ್ಟೇ ಬರಬೇಕು.

ಬ್ಯಾಂಕಿನಲ್ಲಿ ನೋಟು ಖಾಲಿಯಾದರೆ ಹೆದರಬೇಡ. ಮೊನೊಪೊಲಿ ನಿಯಮದ ಪ್ರಕಾರ ಬ್ಯಾಂಕ್ ಎಂದೂ ದಿವಾಳಿ ಆಗುವುದಿಲ್ಲ, ಬೇಕಾದಷ್ಟು ದುಡ್ಡನ್ನು ಚೀಟಿಯ ಮೇಲೆ ಬರೆದು ಕೊಡಬಹುದು. ಆ ಚೀಟಿಗೆ ಇಬ್ಬರ ಸಹಿ ಹಾಕಿಸು. ಒಂದು ಸಹಿ ನಿನ್ನದಿರಲಿ.